ಊದದ ಸೀಟಿ

“ಬಾಣ ಇಲ್ಲೇ ಗಿರಕಿ ಹೊಡೀತಾ ಇದೆ,” ಅಂದರು ಭಾವ. ಫೋನನ್ನು ಅಂಗೈ ಮೇಲೆ ತಟ್ಟೆಯ ಹಾಗೆ ಹಿಡಿದಿದ್ದರು. “ಬಂಡೆ ಹತ್ರ ಬಂದ್ರೆ ಇದಕ್ಕೆ ತಲೆ ಕೆಡುತ್ತೆ. ಇನ್ನು ಕಣ್ಣಲ್ಲೇ ಹುಡುಕಬೇಕು.”

“ನನಗೆ ಮಂಡಿ ಕೆಡುತ್ತೆ,” ಅಂದರು ಚಿಕ್ಕಮ್ಮ. ಊರುಗೋಲನ್ನು ಪಕ್ಕಕ್ಕಿಟ್ಟು ಒಂದು ಬಂಡೆಯ ಮೇಲೆ ಕೂತೇ ಬಿಟ್ಟರು. “ನೀವು ಹುಡುಕಿ ಕನ್ನಡಕದವರೇ. ನಾನು ನೋಡ್ತಾ ಕೂತಿರ್ತೀನಿ. ಅದಕ್ಕೇನು ಟಿಕೆಟ್ ಇಲ್ವಲ್ಲ.”

ಗುಬ್ಬಿ ನಗಲಿಲ್ಲ. ನಗಬೇಕಾದ ಮಾತು ಅಂತ ತಿಳಿಯಿತು, ಅಷ್ಟೇ.

ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ಕೆನ್ನೆ ನಮ್ಮದೇ ಆದರೂ ಪರರದ್ದರ ಹಾಗೆ ಜೋತುಬಿದ್ದಿರುತ್ತದೆ. ಒಂದೂವರೆ ತಿಂಗಳಿಂದ ಅವಳಿಗೆ ಮೈಯೆಲ್ಲ ಹಾಗೇ ಇತ್ತು. ಗಂಡ ಈ ಹಾಳು ಕಲ್ಲುಗಣಿಯ ತಳದಲ್ಲಿ ಸಿಕ್ಕ ದಿನದಿಂದ. ತಾನೇ ಹಾರಿಕೊಂಡಿದ್ದು ಅಂತ ಪೊಲೀಸರು ಬರೆದು ಮುಗಿಸಿದ್ದರು.

ಅಲ್ಲಿಂದೀಚೆಗೆ ಮನೆಗೆ ಬಂದವರೆಲ್ಲ ಮೆಲ್ಲಗೆ ಮಾತಾಡುತ್ತಿದ್ದರು. ಮೆಲ್ಲಗೆ ಮಾತಾಡದವಳು ಮಗಳು ಒಬ್ಬಳೇ. ಏಳು ವರ್ಷದ ಪುಟ್ಟಿ ಮೊನ್ನೆ ಊಟದ ತಟ್ಟೆಯ ಮುಂದೆ ಕೂತು ಗಟ್ಟಿಯಾಗಿ ಕೇಳಿದ್ದಳು:

“ಅಮ್ಮಾ, ಅಪ್ಪನಿಗೆ ನಾವು ಬೇಡ ಆಗಿದ್ವಾ?”

ಗುಬ್ಬಿ ಎದ್ದು ಕೈತೊಳೆದು ಚಿಕ್ಕಮ್ಮನಿಗೆ ಫೋನ್ ಮಾಡಿದಳು. ಚಿಕ್ಕಮ್ಮ ಅಂದರೆ ತಾಯಿಯ ತಂಗಿ; ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಕೂದಲು ಬೆಳ್ಳಗಾಗುವವರೆಗೂ ದುಡಿದು ನಿವೃತ್ತರಾದವರು. ಅವರು ಸಮಾಧಾನದ ಮಾತೊಂದೂ ಆಡಲಿಲ್ಲ. “ಆ ದಿನ ಬೆಳಿಗ್ಗೆ ಅವನು ಮನೆಯಿಂದ ಏನೇನು ತಗೊಂಡು ಹೋದ, ನಿಧಾನಕ್ಕೆ ನೆನಪು ಮಾಡ್ಕೊಂಡು ಹೇಳು,” ಅಂದಿದ್ದರು.

“ಒಂದು ಹಲ್ಲು,” ಅಂದಿದ್ದಳು ಗುಬ್ಬಿ.

ಆ ಹಲ್ಲನ್ನು ಹುಡುಕಿಕೊಂಡೇ ಈಗ ಮೂವರೂ ಇಲ್ಲಿಗೆ ಬಂದಿದ್ದರು. ಹಲ್ಲಿನ ವಿಷಯ ಭಾವನಿಗೆ ಮಾತ್ರ ಹೇಳಿರಲಿಲ್ಲ. “ನಿಮ್ಮ ತಮ್ಮ ಕಡೇದಾಗಿ ಹುಡುಕಿದ ಜಾಗ ನೋಡಬೇಕು ಅಂತ ಇವಳಿಗೆ ಆಸೆ, ಕರ್ಕೊಂಡು ಹೋಗಿ,” ಅಂತ ಚಿಕ್ಕಮ್ಮ ಕೇಳಿದ್ದರು. ಗಂಡನ ಅಣ್ಣ, ಇಲ್ಲ ಅನ್ನುವುದು ಹೇಗೆ?

*

ಜಿಯೋಕ್ಯಾಶಿಂಗ್ ಅಂತ ಆ ಆಟದ ಹೆಸರು. ಯಾರೋ ಒಬ್ಬರು ಊರಾಚೆ ಒಂದು ಪೆಟ್ಟಿಗೆ ಅಡಗಿಸಿಟ್ಟು, ಜಾಗದ ಗುರುತನ್ನು ಫೋನಿನ ಆ್ಯಪಿಗೆ ಹಾಕುತ್ತಾರೆ. ಉಳಿದವರು ಬಾಣ ತೋರಿಸಿದ ಕಡೆ ನಡೆದು ಹುಡುಕುತ್ತಾರೆ. ಪೆಟ್ಟಿಗೆಯಿಂದ ಒಂದು ವಸ್ತು ತೆಗೆದುಕೊಂಡರೆ ಇನ್ನೊಂದು ಇಡಬೇಕು. ಪೆಟ್ಟಿಗೆಯನ್ನು ಮೊದಲಿದ್ದ ಹಾಗೇ ಮುಚ್ಚಿಡಬೇಕು. ಇಷ್ಟೇ.

ಅಣ್ಣತಮ್ಮ ಇಬ್ಬರಿಗೂ ಇದರ ಹುಚ್ಚು. ಇಬ್ಬರೂ ಸೇರಿ ನಡೆಸುತ್ತಿದ್ದ ಕನ್ನಡಕದ ಅಂಗಡಿಗೆ ರಜೆ ಇದ್ದ ದಿನ ಮನೆಯಲ್ಲಿ ಕೂತವರೇ ಅಲ್ಲ. ಭಾವನ ಹೆಂಡತಿ, ಗುಬ್ಬಿ ‘ಅಕ್ಕ’ ಅಂತ ಕರೆಯುವ ಓರಗಿತ್ತಿ, ಅದಕ್ಕೆ ‘ಕಸ ಆರಿಸೋ ಆಟ’ ಅಂತ ಹೆಸರಿಟ್ಟಿದ್ದಳು. ಒಂದು ದಿನವೂ ಜೊತೆಗೆ ಬಂದವಳಲ್ಲ. ಮುಳ್ಳು, ಧೂಳು, ಬಿಸಿಲು, ಯಾವುದೂ ಆಕೆಗೆ ಆಗುತ್ತಿರಲಿಲ್ಲ.

ಗುಬ್ಬಿಯದು ಕಟ್ಟುಹಲ್ಲು ಮಾಡುವ ಕೆಲಸ. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು, ಮೇಣದಲ್ಲಿ ವಸಡು ತಿದ್ದಿ, ಬಣ್ಣ ಹೊಂದಿಸಿ ಹಲ್ಲು ಕೂರಿಸಬೇಕು. ಬಣ್ಣ ಕೂಡದೆ ಉಳಿದ ಹಲ್ಲುಗಳನ್ನು ಗಂಡ ಕೇಳಿ ಇಸಿದುಕೊಳ್ಳುತ್ತಿದ್ದ. ಪೆಟ್ಟಿಗೆ ಸಿಕ್ಕಲ್ಲೆಲ್ಲ ಒಂದು ಹಲ್ಲು ಇಟ್ಟು, ಅದರಿಂದ ಮಗಳಿಗೆ ಒಂದು ಆಟಿಕೆ ತರುತ್ತಿದ್ದ. ಆ್ಯಪಿನಲ್ಲಿ ಅವನಿಗೆ ‘ಹಲ್ಲುಬೀರ’ ಅಂತಲೇ ಹೆಸರು ಬಿದ್ದಿತ್ತು.

ಆ ದಿನ ಬೆಳಿಗ್ಗೆ ಪುಟ್ಟಿ ಒಂದು ದವಡೆಹಲ್ಲಿಗೆ ಉಗುರುಬಣ್ಣದಲ್ಲಿ ಎರಡು ಕಣ್ಣು, ಒಂದು ಬಾಯಿ ಬರೆದಿದ್ದಳು. ಹಸಿರು ಬಣ್ಣ. ಒಣಗುವ ಮುಂಚೆಯೇ ಅವನು ಅದನ್ನು ಎತ್ತಿ, ಊದುತ್ತ ಊದುತ್ತ ಮೆಟ್ಟಿಲಿಳಿದು ಹೋಗಿದ್ದ.

ಪೊಲೀಸರು ಕೊಟ್ಟ ಅವನ ವಸ್ತುಗಳಲ್ಲಿ ಹಲ್ಲು ಇರಲಿಲ್ಲ.

*

ಭಾವ ಹುಡುಕುತ್ತಿದ್ದರು. ಕುರುಚಲು ಗಿಡದ ಬುಡ ನೋಡಿದರು. ಹಳೇ ಗೋಡೆಯ ಸಂದಿಗೆ ಕೈಹಾಕಿದರು. ಒಂದು ಕಲ್ಲು ಎತ್ತಿದರು, ಇನ್ನೊಂದು ಎತ್ತಿದರು, ತಲೆ ಅಲ್ಲಾಡಿಸಿದರು.

“ಈ ಪೆಟ್ಟಿಗೆ ನನಗೆ ಯಾವತ್ತೂ ಸಿಕ್ಕಿಲ್ಲ ಚಿಕ್ಕಮ್ಮ. ಯಾರಾದ್ರೂ ಎತ್ಕೊಂಡು ಹೋಗಿರಬಹುದು.”

“ಇರಬಹುದು,” ಅಂದರು ಚಿಕ್ಕಮ್ಮ. ಊರುಗೋಲಿನ ತುದಿಯನ್ನು ನೆಟ್ಟಗೆ ಮುಂದೆ ಚಾಚಿದರು. “ಆ ಚಪ್ಪಟೆ ಕಲ್ಲು ನೋಡ್ತೀಯಾ ಗುಬ್ಬಿ? ಕಡ್ಡಿಗಳಿವೆಯಲ್ಲ ಮೇಲೆ. ಗಾಳಿಗೆ ಬಿದ್ದ ಕಡ್ಡಿ ಹೀಗೆ ಪಕ್ಕಪಕ್ಕ ಮಲಗಲ್ಲ. ಯಾರೋ ಮಲಗಿಸಿದ್ದಾರೆ.”

ಗುಬ್ಬಿ ಹೋಗಿ ಕಲ್ಲು ಸರಿಸಿದಳು. ಕೆಳಗೆ ಒಂದು ಗುಳಿ, ಗುಳಿಯಲ್ಲಿ ಹಸಿರು ಟೇಪು ಸುತ್ತಿದ ಪ್ಲಾಸ್ಟಿಕ್ ಪೆಟ್ಟಿಗೆ.

“ಮುಟ್ಟಬೇಡ.” ಚಿಕ್ಕಮ್ಮ ಕೈಚೀಲದಿಂದ ತೆಳು ಕೈಗವಸು ತೆಗೆದು ಹಾಕಿಕೊಂಡರು. “ನಿವೃತ್ತಿ ದಿನ ಹಾರ ಹಾಕಿದ್ರು, ಶಾಲು ಹೊದಿಸಿದ್ರು. ನಾನು ಇದರದ್ದೊಂದು ಡಬ್ಬ ಹೊತ್ಕೊಂಡು ಬಂದೆ. ಶಾಲಿಗಿಂತ ಇದೇ ಉಪಯೋಗಕ್ಕೆ ಬಂತು.”

ಮುಚ್ಚಳ ತೆರೆಯಿತು. ಬಂದವರು ಸಹಿ ಮಾಡುವ ಚೀಟಿ ನೀರು ಕುಡಿದು ಮುದ್ದೆಯಾಗಿತ್ತು. ಚಿಕ್ಕಮ್ಮ ಅದನ್ನು ಪಕ್ಕಕ್ಕೆ ತಳ್ಳಿದರು. ಒಂದು ಗಾಜಿನ ಗೋಲಿ. ಪ್ಲಾಸ್ಟಿಕ್ ಜಿರಾಫೆ. ಕೆಂಪು ದಾರದ ಉಂಡೆ.

ಮೂಲೆಯಲ್ಲಿ, ಹಸಿರು ಬಾಯಿ ತೆರೆದು ನಗುತ್ತ, ಒಂದು ದವಡೆಹಲ್ಲು.

ಗುಬ್ಬಿ ಅದನ್ನು ನೋಡಿದಳು. ಒಂದು ಕಣ್ಣು ಸ್ವಲ್ಪ ಒರೆಸಿಹೋಗಿತ್ತು. ಒಣಗುವ ಮುಂಚೆ ಎತ್ತಿಕೊಂಡು ಹೋದದ್ದಕ್ಕೆ. ಅಳು ಬರಬಹುದು ಅಂತ ಕಾದಳು. ಬರಲಿಲ್ಲ. ‘ಬಣ್ಣ ಕೂಡದೇ ಇದ್ದದ್ದಲ್ಲ, ಒಳ್ಳೆ ಹಲ್ಲೇ ಇದು, ಯಾವ ಸೆಟ್ಟಿನಿಂದ ಎತ್ತಿಕೊಂಡು ಹೋದರೋ’ ಅಂತ ಮನಸ್ಸು ಎಲ್ಲಿಗೋ ಹೋಯಿತು.

“ಅವರು ಇಲ್ಲಿವರೆಗೂ ಬಂದಿದ್ರು,” ಅಂದಳು.

“ಬಂದಿದ್ದ. ಕೂತಿದ್ದ. ಪೆಟ್ಟಿಗೆ ತೆಗೆದು, ಹಲ್ಲು ಇಟ್ಟಿದ್ದ.” ಚಿಕ್ಕಮ್ಮ ತಲೆ ಎತ್ತಿದರು. “ಇಟ್ಟ ಮೇಲೆ ಏನು ತಗೊಂಡ? ಕನ್ನಡಕದವರೇ, ಈ ಆ್ಯಪಲ್ಲಿ ಹಳೇ ಫೋಟೋ ಏನಾದ್ರೂ ಇರುತ್ತಾ?”

ಭಾವ ಫೋನನ್ನು ಜೇಬಿಗೆ ಹಾಕಿಕೊಂಡಿದ್ದರು. “ಸಿಗ್ನಲ್ ಇಲ್ಲ ಅನ್ಸುತ್ತೆ.”

“ನನ್ನದರಲ್ಲಿದೆ,” ಅಂದಳು ಗುಬ್ಬಿ. ನಿನ್ನೆ ರಾತ್ರಿ ಚಿಕ್ಕಮ್ಮ ಇಳಿಸಿಕೊಳ್ಳಲು ಹೇಳಿದ್ದ ಆ್ಯಪ್. ಈ ಪೆಟ್ಟಿಗೆಯ ಪುಟದಲ್ಲಿ ಕೊನೆಯದಾಗಿ ಬಂದವರ ಫೋಟೋ ಇತ್ತು. ಗಂಡ ಸಾಯುವುದಕ್ಕೆ ಸ್ವಲ್ಪ ದಿನ ಮುಂಚಿನದು. ಆಮೇಲೆ ಹೆಣ ಸಿಕ್ಕ ಜಾಗ ಅಂತ ಯಾರೂ ಇತ್ತ ಸುಳಿದಿರಲಿಲ್ಲ. ಗಂಡನಿಗೆ ಪೆಟ್ಟಿಗೆ ಸಿಕ್ಕ ಜಾಗದಲ್ಲೇ ಆ್ಯಪಿಗೆ ಬರೆಯುವ ಅಭ್ಯಾಸವಿರಲಿಲ್ಲ. ಮನೆಗೆ ಬಂದು, ಕಾಲು ಚಾಚಿ, ತಮಾಷೆ ಸೇರಿಸಿ ಬರೆಯುವವನು.

ಫೋಟೋದಲ್ಲಿ ಗೋಲಿ, ಜಿರಾಫೆ, ದಾರದ ಉಂಡೆ. ಅವುಗಳ ಪಕ್ಕದಲ್ಲಿ ನೀಲಿ ಬಣ್ಣದ ಒಂದು ತಗಡಿನ ಮೀನು. ಬಾಯಿ ಚೂಪಾಗಿ, ಬಾಲದಲ್ಲಿ ಒಂದು ತೂತು, ಬೆನ್ನಿಗೆ ಕಪ್ಪು ದಾರ. ಸೀಟಿ.

ಇದನ್ನು ಗುಬ್ಬಿ ಈವತ್ತು ಮಧ್ಯಾಹ್ನ ನೋಡಿದ್ದಳು.

ಮಗಳನ್ನು ಅಕ್ಕನ ಮನೆಯಲ್ಲಿ ಬಿಡುವಾಗ ಅದು ಪುಟ್ಟಿಯ ಬಾಯಲ್ಲಿತ್ತು. ಕೆನ್ನೆ ಉಬ್ಬಿಸಿ ಊದುತ್ತಿದ್ದಳು, ಬರೀ ಗಾಳಿ. “ಈ ಮೀನು ಮೂಗ ಅಮ್ಮಾ, ಎಷ್ಟು ದಿನದಿಂದ ಊದ್ತಾ ಇದ್ದೀನಿ, ಮಾತೇ ಆಡಲ್ಲ,” ಅಂತ ಮುಖ ದಪ್ಪ ಮಾಡಿದ್ದಳು. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತ, “ಎಲ್ಲಿಗೆ ಹೊರಟಿರಿ ಮೂವರೂ?” ಅಂತ ಕೇಳಿದ್ದಳು. ಚಿಕ್ಕಮ್ಮನೇ ಉತ್ತರ ಕೊಟ್ಟಿದ್ದರು: “ಪೇಟೇಲಿ ಸ್ವಲ್ಪ ಕೆಲಸ.”

ಸಾವಿನ ಗಲಾಟೆಯೆಲ್ಲ ಮುಗಿದ ವಾರ ಆ ಮೀನನ್ನು ಪುಟ್ಟಿಗೆ ತಂದುಕೊಟ್ಟವರು ಅವಳ ದೊಡ್ಡಪ್ಪ.

“ಆ ಮೀನು ಪುಟ್ಟಿ ಹತ್ರ ಇದೆ,” ಅಂದಳು ಗುಬ್ಬಿ. ಅವಳ ದನಿ ಅವಳಿಗೇ ಗೋಡೆಯಾಚೆಯಿಂದ ಕೇಳಿದ ಹಾಗಿತ್ತು. “ನೀವು ಕೊಟ್ಟಿದ್ದು ಭಾವ.”

*

ಭಾವ ಮೊದಲು ನಕ್ಕರು.

“ಅಂಥ ಮೀನು ಅಂಗಡೀಲಿ ಎಷ್ಟೋ ಸಿಗುತ್ತೆ ಕಣಮ್ಮ.”

“ಯಾವ ಅಂಗಡಿ?” ಅಂದರು ಚಿಕ್ಕಮ್ಮ.

“ಅದು... ಬಸ್ ಸ್ಟ್ಯಾಂಡ್ ಹತ್ರ.”

“ಹೋಗೋಣ ನಡೀರಿ. ನನಗೂ ಒಂದು ಕೊಡಿಸಿ. ಮೊಮ್ಮಗನಿಗೆ ಬೇಕು.”

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ದಿನವೆಲ್ಲ ಬೇರೆಯವರ ಕನ್ನಡಕ ಒರೆಸುವ ಕೈ. ಈಗ ಒರೆಸಿದ್ದನ್ನೇ ಒರೆಸುತ್ತಿತ್ತು.

“ನೀವು ಅರ್ಧ ಗುಡ್ಡದ ಕಲ್ಲು ಎತ್ತಿದ್ರಿ,” ಅಂದರು ಚಿಕ್ಕಮ್ಮ, ಅವಸರವಿಲ್ಲದೆ. “ಆ ಚಪ್ಪಟೆ ಕಲ್ಲೊಂದನ್ನ ಬಿಟ್ಟು. ಎರಡು ಸಲ ಅದರ ಪಕ್ಕದಲ್ಲೇ ದಾಟಿ ಹೋದ್ರಿ. ಗೊತ್ತಿಲ್ಲದವರು ಒಂದ್ಸಲನಾದ್ರೂ ಎಡವ್ತಾರೆ. ಗೊತ್ತಿರೋರೇ ಹಾಗೆ ಹುಷಾರಾಗಿ ದಾಟೋದು.”

ಗಾಳಿ ಕಲ್ಲುಗಣಿಯ ಬಾಯಿಂದ ಮೇಲೆದ್ದು ಬರುತ್ತಿತ್ತು. ಅಂಚು ಇಲ್ಲಿಂದ ದೂರವೇನಿರಲಿಲ್ಲ. ಅಂಚಿನಲ್ಲಿ ಒಂದೇ ಒಂದು ಮುಳ್ಳುಗಿಡ.

“ನಾನು ಅವನನ್ನ ಮುಟ್ಟಲಿಲ್ಲ,” ಅಂದರು ಭಾವ.

“ಹಾಗಾದ್ರೆ ಬಂದಿದ್ರಿ.”

“ಬಂದಿದ್ದೆ.” ಅವರು ಇದ್ದಲ್ಲೇ ಕುಸಿದು ಕೂತರು. ಪ್ಯಾಂಟಿಗೆ ಮಣ್ಣಾಗುವುದನ್ನೂ ನೋಡಲಿಲ್ಲ. “ಹಿಂದಿನ ದಿನ ಅಂಗಡೀಲಿ ಜಗಳ ಆಡಿದ್ವಿ. ಬೇರೆ ಅಂಗಡಿ ಇಡ್ತೀನಿ ಅಂದ ಅವನು. ಗಿರಾಕಿಗಳ ಮುಂದೆನೇ ನಾನು ‘ಕಣ್ಣೆದುರಿಗೆ ನಿಲ್ಲಬೇಡ, ಎಲ್ಲಾದ್ರೂ ಹೋಗಿ ಸಾಯಿ’ ಅಂದುಬಿಟ್ಟೆ. ಬಾಯಿಗೆ ಬಂದಿದ್ದು. ಬೆಳಿಗ್ಗೆ ಅವನೇ ಏನೂ ಆಗದವನ ಹಾಗೆ ಬಂದ. ‘ಅಣ್ಣಾ, ಮಧ್ಯಾಹ್ನ ಕಲ್ಲುಗಣಿ ಪೆಟ್ಟಿಗೆ, ಮೊದಲು ಹುಡುಕಿದವನು ರಾಜ’ ಅಂದ. ನನ್ನ ಹೆಂಡತಿನೂ ಅಲ್ಲೇ ಇದ್ದಳು, ಊಟದ ಕ್ಯಾರಿಯರ್ ಇಟ್ಟು ಹೋಗೋಕೆ ಬಂದಿದ್ದಳು. ‘ಶುರುವಾಯ್ತು ಕಸದ ಆಟ’ ಅಂತ ಬೈದು ಹೋದಳು.”

“ಆಮೇಲೆ?”

“ನಾನು ತಡವಾಗಿ ಬಂದೆ. ಗುಡ್ಡ ಹತ್ತುವಾಗ ಸೀಟಿ ಕೇಳಿಸ್ತು. ಒಂದು ಉದ್ದ, ಎರಡು ಗಿಡ್ಡ. ಮತ್ತೆ ಹಾಗೇ, ಒಂದು ಉದ್ದ, ಎರಡು ಗಿಡ್ಡ. ಗೆದ್ದುಬಿಟ್ಟ, ನನ್ನ ಆಡಿಕೊಳ್ಳೋಕೆ ಊದ್ತಾ ಇದ್ದಾನೆ ಅಂತ ನಗ್ತಾ ಬಂದೆ.” ಕನ್ನಡಕ ಹಾಕಿಕೊಂಡರು. “ಮೇಲೆ ಯಾರೂ ಇರಲಿಲ್ಲ. ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು. ಸೀಟಿ ಆ ಮುಳ್ಳುಗಿಡಕ್ಕೆ ಸಿಕ್ಕಿ ತೂಗ್ತಾ ಇತ್ತು. ಇಣುಕಿ ನೋಡಿದೆ.”

ಅವರು ಅಂಚಿನ ಕಡೆ ಗದ್ದ ಎತ್ತಿ ತೋರಿಸಿದರು. 

“ಕೆಳಗೆ ಇಳಿಯೋಕೆ ದಾರಿ ಇಲ್ಲ. ಕೂಗಿದೆ. ಅಲ್ಲಾಡಲಿಲ್ಲ. ಆಗ ನಾನು ಏನು ಮಾಡಿದೆ ಗೊತ್ತಾ ಚಿಕ್ಕಮ್ಮ? ವಾಪಸ್ ಬಂದು ಪೆಟ್ಟಿಗೆ ಮುಚ್ಚಿದೆ. ಗುಳೀಲಿಟ್ಟು ಕಲ್ಲು ಎಳೆದೆ. ಮೇಲೆ ಕಡ್ಡಿ ಜೋಡಿಸಿದೆ. ತಮ್ಮ ಕೆಳಗೆ ಬಿದ್ದಿದ್ದಾನೆ, ನಾನು ಇಲ್ಲಿ ಕಡ್ಡಿ ಜೋಡಿಸ್ತಾ ಕೂತಿದ್ದೀನಿ. ಯಾಕೆ ಅಂತ ಕೇಳಬೇಡಿ. ಇಷ್ಟು ವರ್ಷದಲ್ಲಿ ಒಂದು ಪೆಟ್ಟಿಗೇನೂ ತೆರೆದು ಬಿಟ್ಟು ಬಂದವನಲ್ಲ ನಾನು. ಕೈ ತಾನೇ ಮಾಡ್ತು.”

ಆ ಕೈಯನ್ನು ಗುಬ್ಬಿ ನೋಡಿದಳು. ತೊಡೆಯ ಮೇಲೆ ಅಂಗಾತ ಬಿದ್ದಿತ್ತು.

“ಸೀಟಿ?” ಅಂದರು ಚಿಕ್ಕಮ್ಮ.

“ಪುಟ್ಟಿಗೆ ಅಂತ ತೆಗೆದಿದ್ದ. ಪ್ರತೀ ಸಲ ಅವಳಿಗೇ ಅಲ್ವಾ ತಗೊಂಡು ಹೋಗೋದು. ಪೆಟ್ಟಿಗೆಯಿಂದ ತೆಗೆದಿದ್ದನ್ನ ಎಸೆಯೋ ಹಾಗಿಲ್ಲ, ಯಾರಿಗೆ ಅಂತ ತೆಗೆದ್ವೋ ಅವರಿಗೆ ಸೇರಬೇಕು. ಎಸೆಯೋಕೆ ನನ್ನಿಂದ ಆಗಲಿಲ್ಲ. ಮನೆಗೆ ಓಡಿದೆ. ಹೆಂಡತಿ ತಲೆನೋವು ಅಂತ ರೂಮಿನ ಬಾಗಿಲು ಹಾಕ್ಕೊಂಡು ಮಲಗಿದ್ದಳು. ಅವಳಿಗೂ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ಹಿಂದಿನ ದಿನ ‘ಹೋಗಿ ಸಾಯಿ’ ಅಂದವನು ನಾನು. ನನ್ನನ್ನಲ್ಲದೆ ಇನ್ಯಾರನ್ನ ಹಿಡೀತಾರೆ?”

ಗುಬ್ಬಿ ಎದ್ದು ಅವರ ಮುಂದೆ ಬಂದು ನಿಂತಳು.

“ಇನ್ಸ್‌ಪೆಕ್ಟರು ಮನೆಗೆ ಬಂದಿದ್ರು,” ಅಂದಳು. “ಸೋಫಾ ಮೇಲೆ ಕೂತಿದ್ರು. ‘ಮನಸ್ಸಿಗೆ ಏನಾದ್ರೂ ಬೇಜಾರಿತ್ತಾ, ತಾನಾಗೇ ಹೀಗೆ ಮಾಡ್ಕೊಂಡಿರಬಹುದಾ’ ಅಂತ ಕೇಳಿದ್ರು. ನೀವು ನನ್ನ ಪಕ್ಕದಲ್ಲೇ ನಿಂತಿದ್ರಿ.”

“ಗುಬ್ಬೀ...”

“ನೀವು ತಲೆ ಆಡಿಸಿದ್ರಿ ಭಾವ. ಮಾತೂ ಆಡಲಿಲ್ಲ. ತಲೆ ಆಡಿಸಿದ್ರಿ. ಅವರು ಬರ್ಕೊಂಡು ಹೋದ್ರು.” ಅವಳ ದನಿ ಏರಲಿಲ್ಲ. “ಪುಟ್ಟಿ ಬಾಗಿಲ ಸಂದೀಲಿ ನಿಂತಿದ್ದಳು. ಅವಳೂ ನೋಡಿದಳು.”

ಭಾವ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ತನ್ನ ಬದಲಿಗೆ ಇವರಾದರೂ ಅಳುತ್ತಿದ್ದಾರಲ್ಲ ಅಂತ ಗುಬ್ಬಿಗೆ ಅನ್ನಿಸಿತು, ಬೇರೆ ಯಾರ ಮನೆಯದೋ ಅಳು ನೋಡಿದ ಹಾಗೆ. ಮಗಳಿಗೆ ಹೇಳಲು ಈಗ ಒಂದು ಉತ್ತರ ಸಿಕ್ಕಿತ್ತು. ಸಾಯಲು ಹೊರಟವನು ನಗುವ ಹಲ್ಲು ಇಟ್ಟು, ಮಗಳಿಗೆ ಮೀನು ಆರಿಸುತ್ತ ಕೂರುವುದಿಲ್ಲ. ಅವನು ಮನೆಗೆ ಬರುವವನಿದ್ದ. ಗೊತ್ತಾಯಿತು. ಆದರೂ ಕೆನ್ನೆ ಇನ್ನೂ ಜೋತುಬಿದ್ದೇ ಇತ್ತು.

ಚಿಕ್ಕಮ್ಮ ಮಾತ್ರ ಮುಳ್ಳುಗಿಡವನ್ನೇ ನೋಡುತ್ತಿದ್ದರು.

“ಸೀಟಿ ತೂಗ್ತಾ ಇತ್ತು ಅಂದ್ರಲ್ಲ. ಊದಿದ್ದನ್ನ ಕೇಳಿ ನೀವು ಮೇಲೆ ಬರೋಕೆ ಎಷ್ಟು ಹೊತ್ತು ಹಿಡೀತು?”

“ಹೆಚ್ಚು ಹೊತ್ತೇನಿಲ್ಲ. ಆ ತಿರುವಿನಿಂದ.”

“ಬಿದ್ದ ಸದ್ದು ಕೇಳಿಸ್ತಾ? ಕೂಗು?”

“ಇಲ್ಲ. ಸೀಟಿ ಮಾತ್ರ. ಆಮೇಲೆ ಏನೂ ಇಲ್ಲ.”

“ಸೀಟಿ ಕೇಳಿಸಿದ ಕಿವಿಗೆ ಬಿದ್ದ ಸದ್ದೂ ಕೇಳಿಸಬೇಕಿತ್ತು. ಅಂದ್ರೆ, ಸೀಟಿ ಕೇಳಿದಾಗ ಅವನು ಆಗಲೇ ಕೆಳಗೆ ಬಿದ್ದಿದ್ದ.” ಚಿಕ್ಕಮ್ಮ ಕೈಗವಸನ್ನು ಒಂದೊಂದೇ ಬೆರಳಿನಿಂದ ಬಿಡಿಸಿಕೊಂಡರು. “ಊದಿದವರು ಮೇಲಿದ್ರು.”

ಭಾವ ಕೈ ಸರಿಸಿ ನೋಡಿದರು. ಇಷ್ಟು ದಿನ ಆ ಕಡೆಯಿಂದ ಯೋಚಿಸಿಯೇ ಇರಲಿಲ್ಲವೆಂದು ಮುಖ ಹೇಳುತ್ತಿತ್ತು.

“ಆದ್ರೆ ಆ ಸೀಟಿ ಊದಲ್ವಲ್ಲ,” ಅಂದಳು ಗುಬ್ಬಿ. “ಪುಟ್ಟಿ ದಿನಾ ಊದ್ತಾಳೆ. ಬರೀ ಗಾಳಿ.”

“ಊದಲ್ಲ,” ಅಂದರು ಭಾವ ಮೆಲ್ಲಗೆ. “ಕೊಡೋ ಮುಂಚೆ ನಾನೂ ಊದಿ ನೋಡಿದೆ. ಗಟ್ಟಿಯಾಗಿ ಊದಿದೆ, ಮೆಲ್ಲಗೆ ಊದಿದೆ. ಸದ್ದೇ ಇಲ್ಲ. ಗಿಡಕ್ಕೆ ಸಿಕ್ಕಿ ಕೆಟ್ಟಿರಬೇಕು ಅಂದ್ಕೊಂಡೆ. ಆ ದಿನ ಮಾತ್ರ ಊದ್ತು.”

“ಹಾಗಾದ್ರೆ ಅದಕ್ಕೇನೋ ಒಂದು ವರಸೆ ಇದೆ,” ಅಂದರು ಚಿಕ್ಕಮ್ಮ. “ಆ ದಿನ ಊದಿದವರಿಗೆ ಆ ವರಸೆ ಗೊತ್ತು.”

ಗುಬ್ಬಿಯ ಕೈಯಲ್ಲಿದ್ದ ಫೋನು ನಡುಗಿತು. ಅಕ್ಕನ ನಂಬರು. ಗುಡ್ಡದ ನೆತ್ತಿ, ಸಿಗ್ನಲ್ ಚೆನ್ನಾಗಿಯೇ ಇತ್ತು. ಸ್ಪೀಕರ್ ಒತ್ತಿದಳು.

“ಅಮ್ಮಾ! ಅಮ್ಮಾ, ನಾನು! ಒಂದು ಕೇಳಿಸ್ತೀನಿ, ಸುಮ್ನಿರು!”

ಮೊದಲು ಒಂದು ಉಸಿರು. ಆಮೇಲೆ ತೆಳ್ಳಗೆ, ಚೂಪಾಗಿ, ಆ ಬಯಲ ತುಂಬ ಹರಡಿಕೊಂಡಿತು. ಒಂದು ಉದ್ದ. ಎರಡು ಗಿಡ್ಡ.

ಭಾವ ಕೂತಲ್ಲೇ ಬಿಳಿಚಿಕೊಂಡರು.

“ಕೇಳಿಸ್ತಾ? ಮೀನು ಮೂಗ ಅಲ್ವಂತೆ ಅಮ್ಮಾ! ಬಾಲದಲ್ಲಿ ತೂತು ಇದೆಯಲ್ಲ, ಅದನ್ನ ಹೆಬ್ಬೆಟ್ಟಲ್ಲಿ ಮುಚ್ಚಿ ಊದಬೇಕಂತೆ! ನಾನು ಅಳ್ತಾ ಇದ್ದೆ, ದೊಡ್ಡಮ್ಮ ‘ಕೊಡು ಇಲ್ಲಿ’ ಅಂತ ಇಸ್ಕೊಂಡು, ಒಂದೇ ಸಲಕ್ಕೆ ಊದಿಬಿಟ್ರು!”

ಸೂಜಿಯ ಮದ್ದು ಇಳಿಯುವಾಗ ಮೊದಲು ಬರುವುದು ನೋವಲ್ಲ, ಚುಮುಚುಮು. ಗುಬ್ಬಿಯ ಬೆರಳ ತುದಿಯಲ್ಲಿ ಅದು ಶುರುವಾಯಿತು. ತುಟಿಗೆ ಬಂತು. ಎದೆಗೆ ಬಂತು.

“ಪುಟ್ಟೀ,” ಅಂದಳು. “ದೊಡ್ಡಮ್ಮ ಎಲ್ಲಿದ್ದಾರೆ?”

“ಇಲ್ಲೇ, ನನ್ನ ಹಿಂದೇನೇ ನಿಂತಿದ್ದಾರೆ.”

ಫೋನು ಕೈ ಬದಲಾಯಿಸಿದ ಸದ್ದು. ಹೊಲಿಗೆ ಯಂತ್ರದ ಸದ್ದಿಲ್ಲ. ಮಗುವಿನ ಸದ್ದೂ ಇಲ್ಲ.

“ಗುಬ್ಬಿ?” ಅಕ್ಕನ ದನಿ ಎಂದಿನ ಹಾಗೇ, ಮೆತ್ತಗೆ. “ಎಲ್ಲಿದ್ದೀರಿ ನೀವೆಲ್ಲ?”

ಚಿಕ್ಕಮ್ಮ ತುಟಿಯ ಮೇಲೆ ಬೆರಳಿಟ್ಟರು.

“ಪೇಟೇಲಿದ್ದೀವಿ ಅಕ್ಕ,” ಅಂದಳು ಗುಬ್ಬಿ. “ಇನ್ನೇನು ಹೊರಟ್ವಿ.”

 ಕಲ್ಲುಗಣಿಯ ಬಾಯಿಂದ ಗಾಳಿ ಎದ್ದು ಬಂದು, ಫೋನಿನ ಮೇಲೆ ಹಾದು, ಮುಳ್ಳುಗಿಡವನ್ನು ಅಲ್ಲಾಡಿಸಿತು.

“ಹುಷಾರು ಗುಬ್ಬಿ,” ಅಂದಳು ಅಕ್ಕ. “ಆ ಮುಳ್ಳುಗಿಡದ ಹತ್ರ ಹೋಗಬೇಡ. ಅಲ್ಲಿ ಅಂಚಿನ ಕಲ್ಲು ಸಡಿಲ ಇದೆ.”